ಕಳೆದುಕೊಂಡವರ ಮೇಲೇಕೆ ಗೂಬೆ?

ಸೈಬರ್ ವಂಚನೆಗೆ ಸಿಲುಕುವವರು ದುರಾಸೆಯವರು, ಇಲ್ಲವೇ ತಿಳಿಗೇಡಿಗಳು ಎಂಬ, ಪತ್ರಿಕೆಯ ಲೇಖನವೊಂದರ ಲೇಖಕರ ತೀರ್ಪನ್ನು ಬೆಂಗಳೂರಿನ ಅಮೃತಹಳ್ಳಿಯ ನಾವಂತೂ ಒಪ್ಪಲಾರೆವು. 2024ರ ಕೊನೆಯಲ್ಲಿ ಪಕ್ಕದ ಹೆಬ್ಬಾಳದ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರು ವಿಡಿಯೊ ಕರೆಯಲ್ಲೇ ಬಂಧಿಸಿದ್ದೇವೆಂದು ಬೆದರಿಸುವ ‘ಡಿಜಿಟಲ್ ಅರೆಸ್ಟ್’ ಬಲೆಗೆ ಬಿದ್ದು 11 ಕೋಟಿ ರೂಪಾಯಿಗೂ ಹೆಚ್ಚು ಕಳೆದುಕೊಂಡರು. ಅವರಿಗೆ ಓದಿನ ಕೊರತೆಯಿತ್ತೇ? ಲಾಟರಿಯ ಆಸೆಯಿತ್ತೇ? ಕೇಸು, ಜೈಲು ಎಂಬ ಭಯವೇ ಅಲ್ಲಿ ವಂಚಕರ ಬಂಡವಾಳ.

2023ರ ಬೆರಳಚ್ಚು ಕಳವನ್ನಂತೂ ಲೇಖಕರು ಮುಟ್ಟಿಯೇ ಇಲ್ಲ. ಆಸ್ತಿ ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚು, ಆಧಾರ್ ಸಂಖ್ಯೆಗಳನ್ನು ಕದ್ದವರು ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯಿಂದ ಜನರ ಖಾತೆಗೇ ಕೈಹಾಕಿದರು. ಅದಕ್ಕೆ ಒಟಿಪಿ ಬೇಕಿಲ್ಲ, ಫೋನ್ ಕರೆಯೂ ಬೇಕಿಲ್ಲ. ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಹೆಬ್ಬೆಟ್ಟು ಒತ್ತಿದ್ದು ಹಣ ಕಳೆದುಕೊಂಡವರ ದುರಾಸೆಯೇ? ಸರ್ಕಾರದ ಕಪಾಟಿನಿಂದ ಬೀಗದ ಕೈ ಕಳುವಾದರೆ ಮನೆಯವರನ್ನು ಬೈಯುವ ನ್ಯಾಯವಿದು!

ಎಚ್ಚರ ಬೇಡವೆಂದಲ್ಲ. ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡಿ. ವಿಡಿಯೊ ಕರೆಯಲ್ಲೇ ಬಂಧಿಸಿಡುವ ಕಾನೂನು ಈ ದೇಶದಲ್ಲಿಲ್ಲ. ಹಣ ಹೋದರೆ ತಕ್ಷಣ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ. ತಡವಾದಷ್ಟೂ ಅದು ಹತ್ತಾರು ಖಾತೆಗಳಿಗೆ ಹಂಚಿಹೋಗುತ್ತದೆ. ಆದರೆ ನಾಚಿಕೆಯಿಂದ ಎಷ್ಟೋ ಜನ ಬಾಯಿಬಿಡುವುದೇ ಇಲ್ಲ. ಇಂಥ ಬರಹಗಳು ಆ ನಾಚಿಕೆಗೇ ನೀರೆರೆಯುತ್ತವೆ. ಲೇಖಕರು ಮುಂದಿನ ಸಲ ಬ್ಯಾಂಕುಗಳನ್ನೂ ದಾಖಲೆ ಕಾಯಬೇಕಾದ ಇಲಾಖೆಗಳನ್ನೂ ಪ್ರಶ್ನಿಸಲಿ.