ಬಟ್ಟಲು ಕೇಕು

ಪಾಕಶಾಸ್ತ್ರವು ನನ್ನ ಅಧ್ಯಯನದ ವಿಷಯವಲ್ಲ. ಮಠದ ಪಾಠಶಾಲೆಯಲ್ಲಿದ್ದ ದಿನಗಳಲ್ಲಿ ಸರದಿಯ ಮೇಲೆ ದಾಸೋಹದ ಅಡುಗೆಮನೆಗೆ ಹೋಗಿ ಕಾಯಿಪಲ್ಲೆ ಹೆಚ್ಚಿದ್ದು, ಗೋದಿ ಹುಗ್ಗಿಯ ಹಂಡೆಯನ್ನು ತಿರುವಿದ್ದು, ಇಷ್ಟೇ ನನ್ನ ಅನುಭವ. ಆದರೂ ಈ ತಿಂಗಳು ಗ್ರಂಥಗಳನ್ನು ಬದಿಗಿರಿಸಿ ಕೇಕಿನ ವಿಷಯವಾಗಿ ಬರೆಯಲು ಹೊರಟಿದ್ದೇನೆ. ವಾಚಕ ಬಂಧುಗಳು ನಗಬಹುದು. ಇದಕ್ಕೆ ಕಾರಣವಾದುದು ನನ್ನ ಮನೆಯಲ್ಲಿಯೇ, ನನ್ನಿಂದಲೇ ನಡೆದ ಒಂದು ತಪ್ಪು.

ಆರು ವರ್ಷಗಳ ಹಿಂದೆ ಮೊಮ್ಮಗಳ ಐದನೆಯ ಹುಟ್ಟುಹಬ್ಬದಂದು ಮಗನು ಪೇಟೆಯ ಅಂಗಡಿಯೊಂದರಿಂದ ದೊಡ್ಡದೊಂದು ಕೇಕು ತಂದಿದ್ದನು. ಓಣಿಯ ಮಕ್ಕಳೆಲ್ಲ ಬಂದು ಕುಳಿತಿದ್ದರು. ಮೇಣದ ಬತ್ತಿ ಹಚ್ಚಿಯಾಗಿತ್ತು. ಆ ಹೊತ್ತಿಗೆ ಪೆಟ್ಟಿಗೆಯ ಮೇಲಿನ ಗುರುತಿನ ಕಡೆಗೆ ನನ್ನ ದೃಷ್ಟಿ ಹೋಯಿತು. ಹಸಿರು ಇರಬೇಕಾದಲ್ಲಿ ಕಂದು ಬಣ್ಣದ ಗುರುತಿತ್ತು. ಅಂಗಡಿಯವನು ತತ್ತಿಯಿಲ್ಲವೆಂದು ಹೇಳಿದ್ದನಂತೆ, ಮಗನು ನಂಬಿದ್ದನು. ನಾನು ಎಲ್ಲರ ಎದುರಿನಲ್ಲಿ ಧ್ವನಿಯೇರಿಸಿ ಅದನ್ನು ಹೊರಗೆ ಕಳುಹಿಸೆಂದೆ. ಕಳುಹಿಸಿದರು. ಮಗು ಅಳಲಿಲ್ಲ, ತಲೆಯ ಮೇಲಿದ್ದ ಕಾಗದದ ಕಿರೀಟವನ್ನು ತಾನೇ ತೆಗೆದು ಕೈಯಲ್ಲಿ ಹಿಡಿದುಕೊಂಡು ನಿಂತಿತು. ಮುಂದಿನ ಐದು ಹುಟ್ಟುಹಬ್ಬಗಳಿಗೆ ಆಕೆ ಗೆಳತಿಯರಾರನ್ನೂ ಮನೆಗೆ ಕರೆಯಲಿಲ್ಲ. ಮೊದಮೊದಲು ಇದು ನನ್ನ ಗಮನಕ್ಕೇ ಬಂದಿರಲಿಲ್ಲ. ಸೊಸೆ ಒಮ್ಮೆ ಮೆಲ್ಲಗೆ ಹೇಳಿದ ಮೇಲೆ ತಿಳಿಯಿತು. ತತ್ತಿ ನಮ್ಮ ಮನೆಯೊಳಗೆ ಬರತಕ್ಕದ್ದಲ್ಲ ಎಂಬ ಮಾತಿನಲ್ಲಿ ನನಗೆ ಅಂದೂ ಸಂದೇಹವಿರಲಿಲ್ಲ, ಇಂದೂ ಇಲ್ಲ. ಆದರೆ ನಿಯಮವನ್ನು ಕಾಯುವ ಭರದಲ್ಲಿ ಕೂಸಿನ ಮುಖವನ್ನು ನೋಡಲಿಲ್ಲವಲ್ಲ, ಅದು ಚುಚ್ಚುತ್ತಲೇ ಇತ್ತು.

ಈ ವರ್ಷ ಹನ್ನೊಂದನೆಯ ಹುಟ್ಟುಹಬ್ಬಕ್ಕೆ ವಾರವಿರುವಾಗ ಆಕೆ ನೋಟುಬುಕ್ಕಿನ ಒಂದು ಹಾಳೆಯನ್ನು ತಂದು ನನ್ನ ಮೇಜಿನ ಮೇಲಿರಿಸಿದಳು. "ಅಜ್ಜಾ, ಇದ್ರಾಗ ತತ್ತಿ ಇಲ್ಲ. ಬೇಕಾದ್ರ ನೀವ ಮುಂದ ಕೂತು ನೋಡ್ರಿ" ಎಂದಳು. ಸಣ್ಣ ಸಣ್ಣ ಬಟ್ಟಲುಗಳಲ್ಲಿ ಬೇಯಿಸುವ, ಒಳಗೆಲ್ಲ ಬಣ್ಣದ ಸುಳಿಗಳಿರುವ ಕೇಕು ಅದು. ಕಪ್ ಕೇಕ್ ಎಂದು ಅದರ ಹೆಸರು. ಭಾನುವಾರ ಮಧ್ಯಾಹ್ನ ಅಡುಗೆಮನೆಯಲ್ಲಿ ಒಂದು ಕುರ್ಚಿ ಹಾಕಿಸಿಕೊಂಡು ಕುಳಿತೆನು.

ಬೇಕಾದ ಪದಾರ್ಥಗಳು ಬೆರಗಾಗುವಷ್ಟು ಸರಳ. ಗಟ್ಟಿ ಮೊಸರು ಒಂದು ಬಟ್ಟಲು, ಪುಡಿ ಮಾಡಿದ ಸಕ್ಕರೆ ಮುಕ್ಕಾಲು ಬಟ್ಟಲು, ವಾಸನೆಯಿಲ್ಲದ ಅಡುಗೆಯೆಣ್ಣೆ ಅರ್ಧ ಬಟ್ಟಲು, ಮೈದಾ ಒಂದೂವರೆ ಬಟ್ಟಲು, ಬೇಕಿಂಗ್ ಪೌಡರು ಒಂದೂಕಾಲು ಚಹಾ ಚಮಚ, ಅಡುಗೆ ಸೋಡ ಅರ್ಧ ಚಹಾ ಚಮಚ, ಪರಿಮಳಕ್ಕೆ ಏಲಕ್ಕಿ. ಎಲ್ಲಕ್ಕೂ ಒಂದೇ ಬಟ್ಟಲಿನ ಅಳತೆ. ಮೊಸರಿಗೆ ಸಕ್ಕರೆ ಹಾಕಿ ಕದಡಿ, ಸೋಡ ಮತ್ತು ಬೇಕಿಂಗ್ ಪೌಡರನ್ನು ಸೇರಿಸಿ ಐದು ನಿಮಿಷ ಬಿಟ್ಟಾಗ ಮೇಲೆಲ್ಲ ಗುಳ್ಳೆಗಳೇಳುತ್ತವೆ. ಮೊಸರಿನ ಹುಳಿಯು ಸೋಡದೊಡನೆ ಕೂಡಿ ಇಂಗಾಲದ ಡೈಆಕ್ಸೈಡನ್ನು ಬಿಡುವುದೇ ಆ ಗುಳ್ಳೆ. ಆಮೇಲೆ ಎಣ್ಣೆ, ಕೊನೆಗೆ ಜರಡಿ ಹಿಡಿದ ಮೈದಾ. ಮೈದಾ ಬಿದ್ದ ಮೇಲೆ ಹೆಚ್ಚು ತಿರುವಬಾರದು; ತಿರುವಿದಷ್ಟೂ ಅಂಟು ಬಲಿತು ಕೇಕು ರಬ್ಬರಿನಂತಾಗುತ್ತದೆ. ಹೋಳಿಗೆಯ ಕಣಕವನ್ನು ನಾದಿ ನಾದಿ ಪಳಗಿದ ಕೈಗಳಿಗೆ ಇದೊಂದೇ ಕಷ್ಟ.

ತತ್ತಿಯು ಕೇಕಿನಲ್ಲಿ ಮಾಡುವ ಕೆಲಸವಾದರೂ ಏನು? ಕದಡಿದಾಗ ಗಾಳಿಯನ್ನು ಹಿಡಿದಿಡುತ್ತದೆ, ಕಾವಿಗೆ ಗಟ್ಟಿಯಾಗಿ ಹಿಟ್ಟನ್ನು ಕಟ್ಟುತ್ತದೆ, ತೇವವನ್ನೂ ಜಿಡ್ಡನ್ನೂ ಕೊಡುತ್ತದೆ. ಇಲ್ಲಿ ಗಾಳಿಗೆ ಸೋಡ ಮತ್ತು ಬೇಕಿಂಗ್ ಪೌಡರು, ತೇವಕ್ಕೆ ಮೊಸರು, ಜಿಡ್ಡಿಗೆ ಎಣ್ಣೆ, ಕಟ್ಟುವುದಕ್ಕೆ ಮೈದಾದ ಅಂಟೇ ಸಾಕಾಗುತ್ತದೆ.

ತತ್ತಿಯನ್ನು ಬಿಟ್ಟು ಅಡುಗೆ ಮಾಡುವ ಯೋಚನೆ ನಮ್ಮಂಥ ಸಸ್ಯಾಹಾರಿಗಳಿಗೆ ಮಾತ್ರ ಬಂದುದಲ್ಲ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಊರಿನಲ್ಲಿ ಆಲ್‌ಫ್ರೆಡ್ ಬರ್ಡ್ ಎಂಬ ಔಷಧ ವ್ಯಾಪಾರಿಯಿದ್ದನು. ಅವನ ಹೆಂಡತಿಗೆ ತತ್ತಿಯೂ ಆಗುತ್ತಿರಲಿಲ್ಲ, ರೊಟ್ಟಿಯನ್ನು ಹುದುಗಿಸುವ ಯೀಸ್ಟೂ ಆಗುತ್ತಿರಲಿಲ್ಲ. ಆಕೆಯ ಸಲುವಾಗಿ ಅವನು 1837ರಲ್ಲಿ ಮೆಕ್ಕೆಜೋಳದ ಪಿಷ್ಟದಿಂದ ತತ್ತಿಯಿಲ್ಲದ ಕಸ್ಟರ್ಡ್ ಪುಡಿಯನ್ನು, 1843ರಲ್ಲಿ ಯೀಸ್ಟಿಲ್ಲದೆ ಹಿಟ್ಟನ್ನು ಉಬ್ಬಿಸುವ ಬೇಕಿಂಗ್ ಪೌಡರನ್ನು ಸಿದ್ಧಪಡಿಸಿದನು. ಇಂದು ನಮ್ಮ ಹಳ್ಳಿಯ ಕಿರಾಣಿ ಅಂಗಡಿಯಲ್ಲಿಯೂ ದೊರೆಯುವ ಈ ಎರಡು ಪುಡಿಗಳು ಹೀಗೆ ಒಬ್ಬ ಗೃಹಸ್ಥನು ತನ್ನ ಮಡದಿಯ ತಟ್ಟೆಯ ಬಗೆಗೆ ವಹಿಸಿದ ಕಾಳಜಿಯಿಂದ ಹುಟ್ಟಿದವು. ಆಕೆಗೆ ಆಗದ್ದನ್ನು ಅವನು ಬೇಡವೆಂದು ಬಿಟ್ಟು ಸುಮ್ಮನಾಗಲಿಲ್ಲ, ಬೇರೆ ದಾರಿ ಹುಡುಕಿದನು. ಇಷ್ಟು ಓದಿಕೊಂಡ ನಾನು ಆರು ವರ್ಷಗಳ ಹಿಂದೆ ಅರ್ಧ ಕೆಲಸವನ್ನಷ್ಟೇ ಮಾಡಿದ್ದೆ.

ಬಟ್ಟಲಿನಲ್ಲಿ ಬೇಯಿಸುವ ಪದ್ಧತಿಯೂ ಹಳೆಯದೇ. ಅಮೆರಿಕದಲ್ಲಿ 1796ರಲ್ಲಿ ಅಮೇಲಿಯಾ ಸಿಮ್ಮನ್ಸ್ ಎಂಬಾಕೆ ಪ್ರಕಟಿಸಿದ ಅಡುಗೆಯ ಪುಸ್ತಕದಲ್ಲಿ ಚಿಕ್ಕ ಬಟ್ಟಲುಗಳಲ್ಲಿ ಬೇಯಿಸುವ ಹಗುರವಾದ ಕೇಕಿನ ಉಲ್ಲೇಖವಿದೆ. ನಮ್ಮಲ್ಲಿ 1508ರ ಸುಮಾರಿಗೆ ಮೂರನೆಯ ಮಂಗರಸನು 'ಸೂಪಶಾಸ್ತ್ರ'ವನ್ನು ಬರೆದಾಗ ಹಿಟ್ಟಿನ ಪಾಕಗಳಿಗೆ ಪ್ರತ್ಯೇಕ ಅಧ್ಯಾಯವನ್ನೇ ಮೀಸಲಿಟ್ಟನು. ಹಿಟ್ಟು, ಕಾವು, ಸಿಹಿ ಇವು ಯಾವ ನಾಡಿನ ಸ್ವತ್ತೂ ಅಲ್ಲ.

ಇನ್ನು ಬಣ್ಣದ ಮಾತು. ಇಲ್ಲಿ ನಾನು ಕುರ್ಚಿಯಿಂದ ಎದ್ದೆನು. ಎದ್ದದ್ದೇ ತಪ್ಪಾಯಿತೆಂದು ಸೊಸೆಯ ಅಭಿಪ್ರಾಯ. ಮೊಮ್ಮಗಳು ಹಿಟ್ಟನ್ನು ಮೂರು ಪಾಲು ಮಾಡಿದ್ದಳು. ಒಂದಕ್ಕೆ ಬೀಟ್‌ರೂಟನ್ನು ತುರಿದು ಹಿಂಡಿ, ಸಣ್ಣ ಉರಿಯಲ್ಲಿ ಬತ್ತಿಸಿ ಮಂದ ಮಾಡಿದ ರಸ ಎರಡು ಚಮಚ. ಇನ್ನೊಂದಕ್ಕೆ ಪಾಲಕದ ಎಲೆಯನ್ನು ಕುದಿನೀರಿನಲ್ಲಿ ಅದ್ದಿ ತೆಗೆದು ನುಣ್ಣಗೆ ಅರೆದದ್ದು ಎರಡು ಚಮಚ. ಮೂರನೆಯದಕ್ಕೆ ಒಂದು ಚಿಟಿಕೆ ಅರಿಷಿಣ. ಅರಿಷಿಣದ ಪಾಲು ಸ್ವಲ್ಪ ಗಟ್ಟಿಯಾಗಿ ಕಂಡಿತೆಂದು ನಾನು ಯಾರನ್ನೂ ಕೇಳದೆ ಅದಕ್ಕೆ ಇನ್ನೊಂದು ಚಿಟಿಕೆ ಸೋಡ ಉದುರಿಸಿ ತಿರುವಿದೆನು. ನೋಡನೋಡುತ್ತ ಹಳದಿಯ ಹಿಟ್ಟು ಇಟ್ಟಂಗಿಯ ಕೆಂಪಿಗೆ ತಿರುಗಿತು!

ಗಾಬರಿಯಾಯಿತು. ಆಮೇಲೆ ನೆನಪಾಯಿತು: ಆರತಿಯ ತಟ್ಟೆಯಲ್ಲಿ ಅರಿಷಿಣದ ನೀರಿಗೆ ಸುಣ್ಣ ಹಾಕಿ ಕೆಂಪು ಓಕುಳಿ ಮಾಡುವುದನ್ನು ನಮ್ಮ ಅವ್ವನ ಕಾಲದಿಂದಲೂ ನೋಡುತ್ತ ಬಂದಿಲ್ಲವೇ? ಸುಣ್ಣದಂತೆ ಸೋಡವೂ ಕ್ಷಾರ. ಅರಿಷಿಣದಲ್ಲಿರುವ ಕರ್ಕ್ಯುಮಿನ್ ಎಂಬ ಬಣ್ಣದ ಅಂಶವು ಹುಳಿಯಲ್ಲಿ ಹಳದಿಯಾಗಿಯೂ ಕ್ಷಾರದಲ್ಲಿ ಕೆಂಪಾಗಿಯೂ ಕಾಣುತ್ತದೆ. ಇದನ್ನು ಹೇಳಿದ್ದೇ ತಡ, ಮೊಮ್ಮಗಳು ನಿಂಬೆಹಣ್ಣಿನ ಹೋಳು ತಂದು ನಾಲ್ಕು ಹನಿ ಹಿಂಡಿದಳು. ಹಳದಿ ಮರಳಿ ಬಂದಿತು. ಮೂವರೂ ನಕ್ಕೆವು. ಆ ನಗೆಗಾಗಿ ನಾನು ಆರು ವರ್ಷ ಕಾದಿದ್ದೆನೆಂದು ಅವರಿಗೆ ಹೇಳಲಿಲ್ಲ.

ಉಳಿದ ಬಣ್ಣಗಳ ಸ್ವಭಾವವನ್ನೂ ತಾಯಂದಿರು ತಿಳಿದಿರುವುದು ಲೇಸು. ಬೀಟ್‌ರೂಟಿನ ಕೆಂಪು ಹುಳಿಯಲ್ಲಿ ನಿಲ್ಲುತ್ತದೆ, ಆದರೆ ಕಾವಿಗೆ ಸೋಲುತ್ತದೆ; ಮೇಲ್ಮೈ ಕಂದಾದರೂ ಒಳಗೆ ಗುಲಾಬಿ ಉಳಿಯುತ್ತದೆ. ಪಾಲಕದ ಹಸಿರಿನ ಸ್ವಭಾವ ತದ್ವಿರುದ್ಧ. ಅದು ಹುಳಿಯಲ್ಲಿ ಮಂಕಾಗಿ ಕ್ಷಾರದಲ್ಲಿ ತಿಳಿಯಾಗುತ್ತದೆ. ಆದುದರಿಂದ ನಿಂಬೆಯನ್ನು ಬೀಟ್‌ರೂಟಿನ ಪಾಲಿಗೆ ಬೇಕಾದರೆ ಹಿಂಡಿರಿ, ಪಾಲಕದ ಪಾಲಿಗೆ ಬೇಡ. ಅಂಗಡಿಯ ಕೇಕಿನಂಥ ಹೊಳಪು ಬರಲಿಲ್ಲವೆಂದು ಮಕ್ಕಳು ಮುಖ ಸಣ್ಣಗೆ ಮಾಡಿದರೆ ಆ ಹೊಳಪು ಎಲ್ಲಿಂದ ಬರುತ್ತದೆಂಬುದನ್ನು ಹೇಳಿರಿ. 2024ರಲ್ಲಿ ನಮ್ಮ ರಾಜ್ಯದ ಆಹಾರ ಸುರಕ್ಷತಾ ಇಲಾಖೆಯು ಪರೀಕ್ಷಿಸಿದ 235 ಕೇಕುಗಳ ಮಾದರಿಗಳಲ್ಲಿ 12ರಲ್ಲಿ ಕೃತಕ ಬಣ್ಣಗಳು ಅಪಾಯಕರ ಪ್ರಮಾಣದಲ್ಲಿದ್ದವು. ಅದೇ ವರ್ಷ ಬಾಂಬೆ ಮಿಠಾಯಿಯಲ್ಲಿ ರೋಡಮಿನ್-ಬಿ ಎಂಬ ಬಟ್ಟೆಯ ಬಣ್ಣವನ್ನು ಬಳಸುವುದನ್ನು ಸರಕಾರವು ನಿಷೇಧಿಸಿತು. ಸಸ್ಯಾಹಾರಿ ಮನೆಗಳವರು ಇನ್ನೊಂದನ್ನೂ ಗಮನಿಸತಕ್ಕದ್ದು. ಪರದೇಶದಿಂದ ಬರುವ ಬಣ್ಣದ ಮಿಠಾಯಿ ಕಾಳುಗಳ ಪೊಟ್ಟಣದ ಮೇಲೆ ಇ 120 ಎಂದಿದ್ದರೆ ಅದು ಕೊಚಿನೀಲ್ ಎಂಬ ಕೀಟದಿಂದ ತೆಗೆದ ಕೆಂಪು. ತತ್ತಿಯನ್ನು ಬಿಟ್ಟು ಕೀಟವನ್ನು ತಿಂದಂತಾಗಬಾರದು.

ಸುಳಿ ಬರಿಸುವುದು ಮಕ್ಕಳ ಕೈಗೆ ಬಿಡತಕ್ಕ ಕೆಲಸ. ತುಪ್ಪ ಸವರಿ ಮೈದಾ ಉದುರಿಸಿದ ಸಣ್ಣ ಸ್ಟೀಲ್ ಬಟ್ಟಲಿನ ನಟ್ಟನಡುವೆ ಒಂದು ಚಮಚ ಹಳದಿ, ಅದರ ಮೇಲೆಯೇ ಒಂದು ಚಮಚ ಗುಲಾಬಿ, ಅದರ ಮೇಲೆ ಹಸಿರು. ಹೀಗೆ ಬಟ್ಟಲಿನ ಮೂರರಲ್ಲಿ ಎರಡು ಪಾಲು ತುಂಬಬೇಕು. ಹೆಚ್ಚಾದರೆ ಉಕ್ಕಿ ಹರಿಯುತ್ತದೆ. ಮೂರು ಹಿಟ್ಟುಗಳ ಮಂದವೂ ಒಂದೇ ಇರಬೇಕು, ತೆಳ್ಳಗಿನದು ಬದಿಗೆ ಸರಿದುಬಿಡುತ್ತದೆ. ಬಳಿಕ ಒಂದು ಕಡ್ಡಿಯನ್ನು ಇಳಿಬಿಟ್ಟು ಎರಡು ಸುತ್ತು ತಿರುಗಿಸಿ ಎತ್ತಿಬಿಡಬೇಕು. ಚೆಂದ ಕಾಣುತ್ತದೆಂದು ಮೂರನೆಯ, ನಾಲ್ಕನೆಯ ಸುತ್ತಿಗೆ ಆಸೆಪಟ್ಟರೆ ಎಲ್ಲ ಬಣ್ಣಗಳೂ ಕಲೆತು ಕೆಸರಿನಂತಾಗುತ್ತದೆ. ನಾನು ತಿರುಗಿಸಿದ ಬಟ್ಟಲು ಹಾಗೆಯೇ ಆಯಿತು.

ಓವನ್ ಇದ್ದವರು 180 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಹದಿನೆಂಟರಿಂದ ಇಪ್ಪತ್ತು ನಿಮಿಷ ಇಟ್ಟರಾಯಿತು. ನಮ್ಮ ಮನೆಯಲ್ಲಿ ಅದಿಲ್ಲ. ತಳ ದಪ್ಪವಿರುವ ಹಳೆಯ ಪಾತ್ರೆಯಲ್ಲಿ ಎರಡು ಬಟ್ಟಲು ಉಪ್ಪು ಹರವಿ, ಅದರ ಮೇಲೊಂದು ಸ್ಟ್ಯಾಂಡು ಇಟ್ಟು, ಮುಚ್ಚಳ ಮುಚ್ಚಿ ಹತ್ತು ನಿಮಿಷ ಕಾಯಿಸಿ, ಆಮೇಲೆ ಬಟ್ಟಲುಗಳನ್ನಿಟ್ಟು ಸಣ್ಣ ಉರಿಯಲ್ಲಿ ಇಪ್ಪತ್ತೈದು ನಿಮಿಷ ಬಿಟ್ಟೆವು. ಕುಕ್ಕರಿನಲ್ಲಿ ಮಾಡುವವರು ಗ್ಯಾಸ್ಕೆಟ್ಟನ್ನೂ ಸೀಟಿಯನ್ನೂ ತೆಗೆದಿಡುವುದನ್ನು ಮರೆಯಬಾರದು. ಆದರೂ ನೀರಿಲ್ಲದ ಕಾವು ಕುಕ್ಕರಿಗೆ ಒಳ್ಳೆಯದಲ್ಲವಾದ್ದರಿಂದ ಹಳೆಯ ಪಾತ್ರೆಯೇ ಮೇಲು. ನನ್ನ ಬಾಲ್ಯದಲ್ಲಿ ಅವ್ವನು ಮುಚ್ಚಳದ ಮೇಲೆಯೂ ಕೆಂಡವಿರಿಸಿ ಬೇಯಿಸುತ್ತಿದ್ದಳು. ಸುತ್ತಲಿನಿಂದಲೂ ಕಾವು ತಾಗಬೇಕೆಂಬ ಉಪಾಯ ಆಗಲೂ ಇತ್ತು. ಕಡ್ಡಿ ಚುಚ್ಚಿ ನೋಡಿದಾಗ ಹಿಟ್ಟು ಅಂಟದೆ ಬಂದರೆ ಬೆಂದಂತೆ. ಬಿಸಿಯಲ್ಲಿ ಬಟ್ಟಲಿನಿಂದ ಬಿಡಿಸಲು ಹೋಗದಿರಿ, ಮುರಿಯುತ್ತದೆ.

ಮೈದಾ, ಸಕ್ಕರೆ ಎರಡೂ ನಿತ್ಯದ ಆಹಾರವಲ್ಲ. ಮೈದಾದ ಅರ್ಧವನ್ನು ಗೋದಿಹಿಟ್ಟಿಗೆ ಬದಲಿಸಬಹುದು, ತುಸು ಬಿರುಸಾಗುತ್ತದೆ, ಬಣ್ಣವೂ ಮಂಕಾಗುತ್ತದೆ. ಸಕ್ಕರೆ ಕಾಯಿಲೆಯಿರುವ ನನ್ನಂಥವರಿಗೆ ಕಾಲು ಭಾಗವೇ ಸಾಕು.

ಒಟ್ಟು ಹನ್ನೆರಡು ಬಟ್ಟಲಾದವು. ಹುಟ್ಟುಹಬ್ಬದ ಮುನ್ನಾದಿನ ಮತ್ತೆ ಅಷ್ಟೇ ಮಾಡಿದರು. ಈ ಸಲ ನನ್ನನ್ನು ಸೋಡದ ಡಬ್ಬಿಯಿಂದ ದೂರ ಕೂರಿಸಿದ್ದರು. ಸಂಜೆಗೆ ಏಳು ಮಂದಿ ಗೆಳತಿಯರು ಬಂದರು. ಅವರಲ್ಲಿ ಇಬ್ಬರು ಆರು ವರ್ಷಗಳ ಹಿಂದಿನ ಆ ದಿನವೂ ಬಂದಿದ್ದವರು. ಒಬ್ಬಳು ಬಟ್ಟಲನ್ನು ಕೈಯಲ್ಲಿ ಹಿಡಿದು, ನನ್ನ ಕಡೆಗೊಮ್ಮೆ ನೋಡಿ, "ಅಜ್ಜಾರ, ತಿನ್ಲ್ಯಾ?" ಎಂದು ಕೇಳಿದಳು. ನಾನು ನನ್ನ ಪಾಲಿನ ಕಾಲು ಭಾಗವನ್ನು ಬಾಯಿಗಿಟ್ಟುಕೊಂಡು ತೋರಿಸಿದೆನು. ಮೊಮ್ಮಗಳು ಒಳಗಿನಿಂದ ಇನ್ನೂ ನಾಲ್ಕು ಬಟ್ಟಲುಗಳ ತಟ್ಟೆಯನ್ನು ತರುತ್ತಿದ್ದಳು.