“ಕಪ್ಪು ಪೊರೆ” ಎಂಬ ರೋಗವಿಲ್ಲ

ಕಳೆದ ತಿಂಗಳು ನಮ್ಮ ಸಂಘದ ನೇತ್ರ ತಪಾಸಣಾ ಶಿಬಿರದ ಕರೆಯೋಲೆ ಮನೆಗೆ ಬಂತು. “ಬಿಳಿ ಪೊರೆ, ಕಪ್ಪು ಪೊರೆ ಎರಡರ ತಪಾಸಣೆಯೂ ಉಂಟು” ಎಂದು ಅದರಲ್ಲಿ ಅಚ್ಚಾಗಿತ್ತು. ಶಿಬಿರಕ್ಕಾಗಿ ದುಡಿದ ಮಿತ್ರರ ಶ್ರಮವನ್ನು ನಾನು ಹಗುರವಾಗಿ ಕಾಣುವವನಲ್ಲ. ಆದರೆ ಆ “ಕಪ್ಪು ಪೊರೆ”ಗೆ ನನ್ನ ಬಲವಾದ ಆಕ್ಷೇಪಣೆಯಿದೆ.

ಮಾತು ಎಲ್ಲಿಂದ ಬಂತೆಂಬುದು ದೆಹಲಿಯಲ್ಲಿರುವ ನಮಗೆಲ್ಲ ಗೊತ್ತು. ಇಲ್ಲಿಯವರು ಕ್ಯಾಟರಾಕ್ಟಿಗೆ ಸಫೇದ್ ಮೋತಿಯಾ ಎನ್ನುತ್ತಾರೆ, ಗ್ಲಾಕೋಮಾಕ್ಕೆ ಕಾಲಾ ಮೋತಿಯಾ ಎನ್ನುತ್ತಾರೆ. ಮೋತಿಯಾ ಎಂದರೆ ಪೊರೆ, ಕಾಲಾ ಎಂದರೆ ಕಪ್ಪು, ಮುಗಿಯಿತಲ್ಲ ಅನುವಾದ! ಗ್ಲಾಕೋಮಾ ಪೊರೆಯೇ ಅಲ್ಲ ಸ್ವಾಮಿ. ಪೊರೆಯೆಂದರೆ ಕಣ್ಣಿನೊಳಗಿನ ಮಸೂರ ಮಬ್ಬಾಗುವುದು. ಅದನ್ನು ತೆಗೆದು ಕೃತಕ ಮಸೂರ ಕೂರಿಸಿದರೆ ಬಹುಪಾಲು ಜನರಿಗೆ ದೃಷ್ಟಿ ಮರಳುತ್ತದೆ. ಗ್ಲಾಕೋಮಾದಲ್ಲಿ ಕೆಡುವುದು ಕಣ್ಣಿನಿಂದ ಮಿದುಳಿಗೆ ಹೋಗುವ ನರ. ಅದರಲ್ಲಿ ಸುಮಾರು 10 ಲಕ್ಷ ಎಳೆಗಳಿವೆ. ಸತ್ತ ಎಳೆ ಮತ್ತೆ ಚಿಗುರುವುದಿಲ್ಲ. ಹನಿ ಔಷಧದಿಂದಲೋ ಲೇಸರಿನಿಂದಲೋ ಶಸ್ತ್ರಚಿಕಿತ್ಸೆಯಿಂದಲೋ ಉಳಿದದ್ದನ್ನು ಕಾಪಾಡಿಕೊಳ್ಳಬಹುದು, ಹೋದದ್ದನ್ನು ಯಾರೂ ತಂದುಕೊಡಲಾರರು.

ಒಂದು ಶಬ್ದಕ್ಕೆ ಇಷ್ಟು ರಂಪವೇಕೆ ಎನ್ನುವವರಿಗೆ ನಮ್ಮ ಮನೆಯ ಕಥೆ ಹೇಳುತ್ತೇನೆ. 2016ರಲ್ಲಿ ನಮ್ಮ ತಾಯಿಯವರು ಊರಿನಿಂದ ಬಂದಿದ್ದಾಗ ಕನ್ನಡಕದ ನಂಬರು ನೋಡಿಸಲು ಕರೆದೊಯ್ದೆ. ವೈದ್ಯರು “ಕಾಲಾ ಮೋತಿಯಾ ಇರುವಂತಿದೆ, ಪರೀಕ್ಷೆ ಮಾಡಿಸಿ” ಎಂದು ಚೀಟಿ ಬರೆದರು. “ಅಮ್ಮ, ಪೊರೆ ಬಂದಿದೆಯಂತೆ” ಎಂದೆ ನಾನು. “ಪೊರೆ ತಾನೆ? ಬಲಿಯಲಿ ಬಿಡಪ್ಪ, ನಿಮ್ಮಜ್ಜಿಗೂ ಬಲಿತ ಮೇಲೇ ತೆಗೆಸಿದ್ದು” ಎಂದು ಅವರು ಊರಿಗೆ ಹೊರಟೇಬಿಟ್ಟರು. ಅಲ್ಲಿ ಸೂಜಿಗೆ ದಾರ ಪೋಣಿಸುತ್ತಿದ್ದರು, ಪಂಚಾಂಗ ಓದುತ್ತಿದ್ದರು. ಆದರೆ ಬಾಗಿಲ ಪಕ್ಕದ ಕೊಡವನ್ನು ಮಾತ್ರ ದಿನವೂ ಎಡವುತ್ತಿದ್ದರು. ವಯಸ್ಸಾಯಿತು ಎಂದುಕೊಂಡೆವು. ಈ ರೋಗ ಸಾಮಾನ್ಯವಾಗಿ ನೋಟದ ಅಂಚಿನಿಂದ ತಿನ್ನುತ್ತ ಬರುತ್ತದೆ, ನಡುವಿನ ನೋಟ ಕೊನೆಯವರೆಗೆ ಚೆನ್ನಾಗಿಯೇ ಇರುತ್ತದೆ ಎಂಬುದು 14 ತಿಂಗಳ ನಂತರ ತಿಳಿಯಿತು. ಅಷ್ಟರಲ್ಲಿ ಎಡಗಣ್ಣು ಮುಗಿದಿತ್ತು. ಬಿ.ಎಸ್ಸಿ. ಓದಿದ ನಾನು ಅಂದು ವೈದ್ಯರನ್ನು ಒಂದು ಪ್ರಶ್ನೆ ಕೇಳಲಿಲ್ಲ. ಏಕೆ? ಶಬ್ದ ಅರ್ಥವಾಯಿತೆಂದು ತಿಳಿದಿದ್ದೆ. ಅರ್ಥವಾಗದ ಶಬ್ದವಾಗಿದ್ದರೆ ಕೇಳುತ್ತಿದ್ದೆ.

“ಕಣ್ಣಿನ ಬಿ.ಪಿ.” ಎನ್ನುವವರೂ ಇದ್ದಾರೆ. ಅದೂ ಬೇಡ. ತೋಳಿಗೆ ಪಟ್ಟಿ ಕಟ್ಟಿ ನೋಡುವ ಒತ್ತಡಕ್ಕೂ ಕಣ್ಣಿನೊಳಗಿನ ದ್ರವದ ಒತ್ತಡಕ್ಕೂ ನಂಟು ಕಲ್ಪಿಸಿ, “ನನ್ನ ಬಿ.ಪಿ. ಸರಿಯಾಗಿದೆ” ಎಂದು ಹಾಯಾಗಿರುವವರನ್ನು ನಮ್ಮ ಕಚೇರಿಯಲ್ಲೇ ಕಂಡಿದ್ದೇನೆ. ಅದಿರಲಿ, ಕಣ್ಣಿನೊಳಗೆ ಸಾಧಾರಣವೆನ್ನುವ 10ರಿಂದ 21 ಮಿಲಿಮೀಟರ್ ಪಾದರಸದ ಒತ್ತಡವಿದ್ದೂ ಕೆಲವರ ನರ ಕೆಡುತ್ತದೆ. ಆದ್ದರಿಂದಲೇ ವೈದ್ಯರು ನರವನ್ನೂ ನೋಟದ ಹರವನ್ನೂ ಪರೀಕ್ಷಿಸುವುದು.

ಸುಶ್ರುತ ಸಂಹಿತೆಯ “ಅಧಿಮಂಥ” ಇದೆಯಲ್ಲ ಎಂದು ಪಂಡಿತ ಮಿತ್ರರೊಬ್ಬರು ವಾದಿಸಿದರು. ಕಣ್ಣನ್ನು ಕಡೆದಂತೆ ನೋಯುವ ರೋಗ ಅದು. ಥಟ್ಟನೆ ಕೆಂಪಾಗಿ, ತಲೆನೋವು ವಾಂತಿಗಳೊಡನೆ ಬರುವ ಒಂದು ಬಗೆಯ ಗ್ಲಾಕೋಮಾಕ್ಕೆ ಹೊಂದೀತು. ಆಗ ಅದೇ ದಿನ ಆಸ್ಪತ್ರೆಗೆ ಓಡಬೇಕು. ನೋವಿಲ್ಲದೆ ಕದಿಯುವ ಬಗೆಗೆ ಆ ಹೆಸರಿಟ್ಟರೆ, ನೋವು ಬರಲೆಂದು ಕಾದು ಕೂರುವವರು ಹುಟ್ಟಿಕೊಳ್ಳುತ್ತಾರೆ.

ಗ್ರೀಕರ “ಗ್ಲಾಕೋಸ್” ಸಹ ಮಹಾ ಖಚಿತವೇನಲ್ಲ, ನೀಲಿ ಹಸಿರು ಛಾಯೆಗೆ ಆಡುತ್ತಿದ್ದ ಮಾತು. ಪೊರೆಯೆಂದರೆ ಮಸೂರದ ಮಬ್ಬು ಎಂದು ಫ್ರಾನ್ಸಿನ ಬ್ರಿಸೋ ತೋರಿಸಿದ್ದೇ 1705ರಲ್ಲಿ. ಮುನ್ನೂರು ವರ್ಷಗಳ ಹಿಂದೆ ಬಿಡಿಸಿದ ಗಂಟನ್ನು ನಮ್ಮ ಕರೆಯೋಲೆ ಮತ್ತೆ ಹಾಕಬೇಕೆ? ಬಸ್ಸು, ಟಿಕೆಟ್ಟು, ಪೆನ್ಶನ್ನು ಕನ್ನಡವಾಗಿವೆ. ಗ್ಲಾಕೋಮಾವೂ ಆಗಲಿ.

ಕಚೇರಿಯ ಆದೇಶದಲ್ಲಿ ಒಂದು ಅಂಕಿ ತಪ್ಪಿದರೂ ನಾವು ತಿದ್ದೋಲೆ ಹೊರಡಿಸುತ್ತೇವೆ. ಸಂಘವೂ ಮುಂದಿನ ಸಂಚಿಕೆಯಲ್ಲಿ ಹೊರಡಿಸಲಿ: “ಕಪ್ಪು ಪೊರೆ ಎಂಬುದನ್ನು ಗ್ಲಾಕೋಮಾ ಎಂದು ಓದಿಕೊಳ್ಳತಕ್ಕದ್ದು. ಇದು ಪೊರೆಯಲ್ಲ, ಬಲಿಯಲೆಂದು ಕಾಯಬಾರದು. 40 ದಾಟಿದವರೂ, ತಂದೆ ತಾಯಿ ಒಡಹುಟ್ಟಿದವರಲ್ಲಿ ಈ ರೋಗವಿರುವವರೂ, ಸ್ಟೀರಾಯ್ಡ್ ಹನಿಗಳನ್ನು ಬಹುಕಾಲ ಹಾಕಿಕೊಂಡವರೂ ತಪ್ಪದೆ ತೋರಿಸಿಕೊಳ್ಳಬೇಕು.” ಮೂರನೆಯ ಶಿಬಿರಕ್ಕೆ ಮೊದಲು ಇಷ್ಟಾದರೆ ಸಾಕು. ಕರಡನ್ನು ಕಾರ್ಯದರ್ಶಿಗಳಿಗೆ ಆಗಲೇ ಕೊಟ್ಟಿದ್ದೇನೆ.