ಪರೀಕ್ಷೆಯ ತಿಂಗಳಲ್ಲಿ ಅಚೌರ್ಯಾಣುವ್ರತ

ಮಾರ್ಚ್ ತಿಂಗಳು ಬಂತೆಂದರೆ ಎಸ್.ಎಸ್.ಎಲ್.ಸಿ. ವಿದ್ಯಾರ್ಥಿಗಳಿರುವ ಶ್ರಾವಕರ ಮನೆಗಳಲ್ಲಿ ಭಕ್ತಿಯು ಇಮ್ಮಡಿಯಾಗುತ್ತದೆ. ಪ್ರವೇಶಪತ್ರವೂ ಹೊಸ ಪೆನ್ನೂ ಬಸದಿಗೆ ಬರುತ್ತವೆ. ಪದ್ಮಾವತಿ ಅಮ್ಮನವರಿಗೆ ಹರಕೆ ಸಲ್ಲುತ್ತದೆ. ಶಾಸನದೇವತೆಯು ಗಣಿತದಲ್ಲಿ ಅಂಕ ಕೊಡಿಸುವಳೇ ಎಂಬ ಚರ್ಚೆಯನ್ನು ಪಂಡಿತರಿಗೇ ಬಿಡಬಹುದು. ಆಕ್ಷೇಪಿಸಬೇಕಾದುದು ಅದೇ ಮನೆಯ ಪಡಸಾಲೆಯಲ್ಲಿ ಮೆಲುದನಿಯಲ್ಲಿ ನಡೆಯುವ ಇನ್ನೊಂದು ವಿಚಾರಣೆಯನ್ನು. ಯಾವ ಪರೀಕ್ಷಾ ಕೇಂದ್ರ ಸಡಿಲ? ಕೊಠಡಿಯ ಮೇಲ್ವಿಚಾರಕರು ಯಾರ ಪರಿಚಯದವರು? ಮುಂದಿನ ಬೆಂಚಿನಲ್ಲಿ ಕೂರುವ ಹುಡುಗ ಜಾಣನೇ? ನೀರನ್ನು ಸೋಸದೆ ಕುಡಿಯದ, ಗೆಡ್ಡೆಗೆಣಸು ಮುಟ್ಟದ, ಸೂರ್ಯಾಸ್ತದ ಬಳಿಕ ಉಣ್ಣದ ಮನೆಯಲ್ಲಿ ಈ ಪ್ರಶ್ನೆಗಳು ಯಾರಿಗೂ ಮುಜುಗರ ತರುವುದಿಲ್ಲ ಎಂಬುದೇ ಸೋಜಿಗ.

ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಅಚೌರ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ. ಅವುಗಳಲ್ಲಿ ಮೊದಲನೆಯದು ಸ್ತೇನಪ್ರಯೋಗ, ಅಂದರೆ ಕಳವಿಗೆ ಪ್ರೇರಿಸುವುದು. ಎರಡನೆಯದು ತದಾಹೃತಾದಾನ, ಅಂದರೆ ಕಳವಿನ ವಸ್ತುವನ್ನು ಸ್ವೀಕರಿಸುವುದು. 2016ರಲ್ಲಿ ದ್ವಿತೀಯ ಪಿ.ಯು.ಸಿ. ರಸಾಯನಶಾಸ್ತ್ರದ ಪ್ರಶ್ನೆಪತ್ರಿಕೆ ಬಯಲಾಗಿ ಪರೀಕ್ಷೆ ರದ್ದಾಯಿತು. ಮರುಪರೀಕ್ಷೆಯ ಪತ್ರಿಕೆಯೂ ಬಯಲಾಯಿತು. ಮೂರನೆಯ ಬಾರಿ ಪರೀಕ್ಷೆ ನಡೆಸಬೇಕಾಯಿತು. ಕದ್ದವರು ಕೆಲವರೇ ಇರಬಹುದು. ಆದರೆ ಕೊಳ್ಳುವ ಕೈಗಳಿಲ್ಲದೆ ಅಂಥ ಸರಕಿಗೆ ಪೇಟೆಯೆಲ್ಲಿ? ಆ ಹಣ ಎಣಿಸಿಕೊಡುವವರು ಹದಿಹರೆಯದ ಮಕ್ಕಳಲ್ಲ, ಹಿರಿಯರು.

ಇದಕ್ಕೆ ಸಮಾಧಾನ ಹೇಳುವವರು ಉಂಟು. ಪಕ್ಕದ ಹುಡುಗ ತಾನಾಗಿಯೇ ಉತ್ತರ ತೋರಿಸಿದರೆ ಅದು ದತ್ತವೇ ಹೊರತು ಅದತ್ತವಲ್ಲ, ಆದ್ದರಿಂದ ಕಳವಲ್ಲ ಎನ್ನುತ್ತಾರೆ. ಜಾಣತನದ ಮಾತು. ಆದರೆ ಆ ಹುಡುಗನಿಗೆ ಉತ್ತರ ಕೊಡಲು ಬಂದೀತೇ ವಿನಾ ಅಂಕ ಕೊಡಲು ಬಾರದು. ಅಂಕವನ್ನು ಕೊಡುವುದು ಮಂಡಳಿ; ಅದು ಕೊಡುವುದು ಬರೆದವನದೇ ವಿದ್ಯೆ ಎಂಬ ನಂಬಿಕೆಯ ಮೇಲೆ. ನಂಬಿಕೆ ಕೆಡಿಸಿ ಪಡೆದುದು ಅದತ್ತವೇ. ಎಲ್ಲರೂ ಮಾಡುವಾಗ ತಮ್ಮ ಮಗುವೊಂದೇ ಹಿಂದುಳಿಯಬೇಕೇ ಎಂಬ ಇನ್ನೊಂದು ವಾದವನ್ನಂತೂ ಶ್ರಾವಕನು ಬಾಯಲ್ಲಿ ತರಲೇಬಾರದು. ಊರೆಲ್ಲ ರಾತ್ರಿ ಉಣ್ಣುವಾಗ ಆತನ ಮನೆಯವರು ಉಣ್ಣದೆ ಇಲ್ಲವೇ?

2024ರ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಕೊಠಡಿಗಳಿಗೆ ಕ್ಯಾಮೆರಾ ಅಳವಡಿಸಿ ದೂರದಿಂದಲೇ ನೇರವಾಗಿ ವೀಕ್ಷಿಸುವ ವ್ಯವಸ್ಥೆ ಬಂತು. ಹಿಂದಿನ ವರ್ಷ 83.89 ಇದ್ದ ಶೇಕಡಾ ಫಲಿತಾಂಶ 73.40ಕ್ಕೆ ಇಳಿಯಿತು, ಅದೂ ಕೃಪಾಂಕವನ್ನು ಶೇಕಡಾ 10ರಿಂದ 20ಕ್ಕೆ ಏರಿಸಿದ ಮೇಲೆ. ಇಳಿಕೆಯ ಪಾಲೆಲ್ಲವೂ ನಕಲಿನದೆಂದು ಹೇಳಲಾಗದು. ಸರಿಯಾಗಿ ಕಲಿಸದ ಶಾಲೆಗಳೂ ಇವೆ. ಆದರೂ ಯಂತ್ರದ ಕಣ್ಣಿಗೆ ಹೆದರುವವರು, ತ್ರಿಕಾಲವನ್ನೂ ಬಲ್ಲ ಕೇವಲಜ್ಞಾನಿಯ ಬಿಂಬದೆದುರು ದಿನವೂ ಕೈಮುಗಿಯುವಾಗ ಏನನ್ನು ನೆನೆಯುತ್ತಾರೋ!

ಹಗುರವೆಂದು ಎಣಿಸಲಾಗುವ ಇನ್ನೊಂದು ದೋಷವಿದೆ. ಜ್ಞಾನಾವರಣೀಯ ಕರ್ಮದ ಆಸ್ರವಕ್ಕೆ ಕಾರಣಗಳನ್ನು ಹೇಳುವಾಗ ಅದೇ ಗ್ರಂಥವು ನಿಹ್ನವ, ಮಾತ್ಸರ್ಯ, ಅಂತರಾಯಗಳನ್ನು ಎಣಿಸುತ್ತದೆ: ತಿಳಿದುದನ್ನು ಮರೆಮಾಚುವುದು, ಇನ್ನೊಬ್ಬನು ಸಮನಾದಾನೆಂದು ಕೊಡದಿರುವುದು, ಕಲಿಯುವವನಿಗೆ ಅಡ್ಡಿ ಮಾಡುವುದು. ಟಿಪ್ಪಣಿ ಪುಸ್ತಕವನ್ನು ಸಹಪಾಠಿಗೆ ಕೊಡಬೇಡವೆಂದು ಮಗಳಿಗೆ ಕಲಿಸುವ ತಾಯಿ ಈ ಮೂರನ್ನೂ ಒಂದೇ ಮಾತಿನಲ್ಲಿ ಕಲಿಸುತ್ತಾಳೆ. ಹತ್ತನೆಯ ಶತಮಾನದ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು. ಪ್ರತಿ ಮಾಡುವುದು ಶಾಸ್ತ್ರದಾನವಾಗಿದ್ದ ಸಮಾಜವದು. ಆಕೆಯ ಹೆಸರನ್ನು ಸಭೆಗಳಲ್ಲಿ ಕೊಂಡಾಡುವವರ ಮನೆಯಲ್ಲಿ ಒಂದು ಟಿಪ್ಪಣಿ ಪುಸ್ತಕ ಬೀರುವಿನೊಳಗೆ ಅಡಗುತ್ತದೆ.

ಬಸದಿಗಳ ಆಡಳಿತ ಮಂಡಳಿಗಳೂ ಈ ಮಾತಿನಿಂದ ಹೊರತಲ್ಲ. ಕೃತ, ಕಾರಿತಗಳಂತೆ ಅನುಮೋದನೆಯೂ ಬಂಧಕ್ಕೆ ಕಾರಣವೆಂದು ಪ್ರವಚನಗಳಲ್ಲಿ ಕೇಳಿದವರೇ ಪ್ರತಿಭಾ ಪುರಸ್ಕಾರಕ್ಕೆ ಶೇಕಡಾ ಇಷ್ಟು ಅಂಕವೆಂದು ಗೆರೆ ಎಳೆದು, ಅಂಕಪಟ್ಟಿಯ ನಕಲನ್ನಷ್ಟೇ ಕೇಳಿ, ಹಾರ ಹಾಕುತ್ತಾರೆ. ಗೆರೆಯಿಂದ ಕೆಳಗಿರುವವರಲ್ಲಿ ನೆಟ್ಟಗೆ ಕುಳಿತು ತನಗೆ ತಿಳಿದಷ್ಟನ್ನೇ ಬರೆದ ಹುಡುಗನೂ ಇರುತ್ತಾನೆ. ಅವನು ಸಭೆಯ ಹಿಂದಿನ ಸಾಲಿನಲ್ಲಿ ಕುಳಿತು ಚಪ್ಪಾಳೆ ತಟ್ಟಬೇಕು. ಅನುತ್ತೀರ್ಣನಾದವನಂತೂ ಆ ದಿನ ಬಸದಿಗೇ ಬರುವುದಿಲ್ಲ. ಬಂದರೆ ಅಂಕ ಕೇಳದ ಹಿರಿಯರು ಎಷ್ಟು ಮಂದಿ? ಮನೆಯಲ್ಲಿ ಅವನು ಕೇಳಿದ ಮಾತುಗಳು ಅಹಿಂಸೆಯ ಯಾವ ಅಳತೆಗೂ ನಿಲ್ಲುವಂಥವಲ್ಲ. ಫಲಿತಾಂಶದ ದಿನಗಳಲ್ಲಿ ಪ್ರಾಣ ಕಳೆದುಕೊಂಡ ಮಕ್ಕಳ ಸುದ್ದಿ ಓದದವರಿಲ್ಲ. ಹೀಗಿರುವಾಗ ಅಂಕದ ಗೆರೆಯ ಪುರಸ್ಕಾರವನ್ನು ನಿಲ್ಲಿಸಿದರೆ ಧರ್ಮಕ್ಕೆ ಯಾವ ನಷ್ಟವೂ ಇಲ್ಲ.

ಆ ಹಣಕ್ಕೆ ಉಪಯೋಗವಿದೆ. 2024ರಿಂದ ವರ್ಷಕ್ಕೆ ಮೂರು ಪರೀಕ್ಷೆಗಳ ಪದ್ಧತಿ ಜಾರಿಗೆ ಬಂದು, ಮೊದಲನೆಯದರಲ್ಲಿ ತಪ್ಪಿದವರು ಕೆಲವೇ ವಾರಗಳಲ್ಲಿ ಮತ್ತೆ ಬರೆಯಬಹುದಾಯಿತು. ಫಲಿತಾಂಶಕ್ಕೂ ಆ ಮರುಪರೀಕ್ಷೆಗೂ ನಡುವೆ ಬಸದಿಯ ಸಭಾಭವನಗಳು ಮದುವೆಯಿಲ್ಲದ ದಿನಗಳಲ್ಲಿ ಬೀಗ ಹಾಕಿಕೊಂಡಿರುತ್ತವೆ. ಗಣಿತ, ವಿಜ್ಞಾನ, ಇಂಗ್ಲಿಷ್‌ಗಳಿಗೆ ಒಬ್ಬೊಬ್ಬ ನಿವೃತ್ತ ಉಪಾಧ್ಯಾಯರನ್ನು ಕರೆಯಿಸಿ, ಬೆಳಗಿನ ಅಭಿಷೇಕ ಮುಗಿದೊಡನೆ ಬಾಗಿಲು ತೆರೆದು, ಜೈನರ ಮಕ್ಕಳೊಡನೆ ಕೇರಿಯ ಇತರ ಮಕ್ಕಳನ್ನೂ ಕೂರಿಸಿ, ಮಧ್ಯಾಹ್ನದ ಊಟವಿಕ್ಕಿ ಕಳುಹಿಸಲು ಹಾರತುರಾಯಿಗಳ ಖರ್ಚು ಸಾಲದೆ ಹೋಗದು. ಶ್ರುತಪಂಚಮಿಯು ಆ ದಿನಗಳ ಆಸುಪಾಸಿನಲ್ಲೇ ಬರುತ್ತದೆ.